ಮೌನದ ಖಾತೆದಾರ

ಸ್ವಂತ ಅಭಿಪ್ರಾಯವಿಲ್ಲದ ವ್ಯಕ್ತಿಯನ್ನು ವ್ಯಕ್ತಿ ಎಂದು ಪರಿಗಣಿಸತಕ್ಕದ್ದಲ್ಲ. ಇದು ನಮ್ಮ ಊರಿನ ನಿಯಮ. ಪುರಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಕಾರಣವಿತ್ತು. ಅಧ್ಯಕ್ಷರು ಬೇರೆ ಊರಿಗೆ ಅಧ್ಯಯನ ಪ್ರವಾಸ ಹೋಗಿ ಬಂದಿದ್ದರು. ಅಲ್ಲಿಯ ಜನ ಸಮಾಜ, ಸಂಸ್ಕೃತಿ, ತಮ್ಮತನ ಇವುಗಳ ಬಗ್ಗೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರಂತೆ. ಕೇಳಿ ಅಧ್ಯಕ್ಷರಿಗೆ ನಾಚಿಕೆಯಾಯಿತಂತೆ. ನಮ್ಮಲ್ಲಿ ಒಬ್ಬ ಸೆಕೆ ಎಂದರೆ ಎಲ್ಲರೂ ಸೆಕೆ ಎನ್ನುತ್ತಾರೆ. ಹೀಗೆ ಮುಂದುವರಿದರೆ ಊರು ಉದ್ಧಾರವಾಗುವುದಿಲ್ಲ ಎಂದರು. ಸದಸ್ಯರೆಲ್ಲ ಅದನ್ನೇ ಅಂದರು.

ಸ್ವಂತ ದೃಷ್ಟಿಕೋನ ಇಲಾಖೆ ಶುರುವಾಯಿತು. ತೂಕ ಮತ್ತು ಅಳತೆ ಕಚೇರಿಯ ಹಿಂದಿನ ಕೋಣೆ ಖಾಲಿಯಿತ್ತು. ಮುರಿದ ತಕ್ಕಡಿಗಳನ್ನು ಮೂಲೆಗೆ ಸರಿಸಿ ಒಂದು ಮೇಜು, ಒಬ್ಬ ಅಧಿಕಾರಿ, ಒಬ್ಬ ಟೈಪಿಸ್ಟ್, ಒಂದು ಮೊಹರು ಇಟ್ಟರು. ಮರುದಿನ ಮೈಕಿನ ಗಾಡಿ ಬೀದಿ ಬೀದಿ ತಿರುಗಿತು.

“ನಾಗರಿಕರ ಗಮನಕ್ಕೆ. ಪ್ರತಿಯೊಬ್ಬರೂ ತಮ್ಮ ಸ್ವಂತ ದೃಷ್ಟಿಕೋನವನ್ನು ಈ ತಿಂಗಳೊಳಗೆ ನೋಂದಾಯಿಸಿಕೊಳ್ಳತಕ್ಕದ್ದು. ಒಬ್ಬರಿಗೆ ಒಂದೇ. ಸ್ವಂತದ್ದು ಎಂದ ಮೇಲೆ ಅದು ಇನ್ನೊಬ್ಬರದಾಗಿರತಕ್ಕದ್ದಲ್ಲ. ಮೊದಲು ಬಂದವರಿಗೆ ಮೊದಲು. ಇನ್ನೊಬ್ಬರ ಹೆಸರಿನಲ್ಲಿರುವ ಮಾತನ್ನು ಅವರ ಅನುಮತಿಯಿಲ್ಲದೆ ಆಡುವುದು ಅಪರಾಧ. ತಮ್ಮ ದೃಷ್ಟಿಕೋನಕ್ಕೆ ವಿರುದ್ಧವಾಗಿ ನಡೆದವರ ನೋಂದಣಿ ರದ್ದು. ನೋಂದಣಿ ಇಲ್ಲದವರ ಅಂಗಡಿಗೆ ಬೀಗ.”

ಕೊನೆಯ ಮಾತಿಗೆ ತಲೆಯೆತ್ತಿದೆ. ನನ್ನದು ಬೀಗ ರಿಪೇರಿಯ ಅಂಗಡಿ.

ಬೆಳಕು ಹರಿಯುವ ಮುಂಚೆಯೇ ಸಾಲು ನಿಂತಿತು. ಹಾಲಿನವನು ಮೊದಲಿಗ. ಎದುರಿಗೆ ಅಧಿಕಾರಿ ಕೂತಿದ್ದನ್ನು ಕಂಡು ಹೆದರಿ ‘ಕಲಬೆರಕೆ ಮಾಡಬಾರದು’ ಎಂದುಬಿಟ್ಟ. ಮೊಹರು ಬಿತ್ತು. ಅಂದಿನಿಂದ ಹಾಲು ಗಟ್ಟಿಯಾಯಿತು, ಅವನು ತೆಳ್ಳಗಾದ. ಅಕ್ಕಸಾಲಿಗ ‘ಮಾತು ಬೆಳ್ಳಿ, ಮೌನ ಬಂಗಾರ’ ಬರೆಸಿದ. ಡಾಕ್ಟರು ‘ಊಟ ಬಲ್ಲವನಿಗೆ ರೋಗವಿಲ್ಲ’ ಬರೆಸಿದರು. ಇಲ್ಲಿ ಇವನ್ನು ಬರೆಯಲು ಮೂವರ ಅನುಮತಿಯನ್ನೂ ಪಡೆದಿದ್ದೇನೆ. ಒಂದು ವಾರದಲ್ಲಿ ಊರಿನ ಗಾದೆಗಳೆಲ್ಲ ಖಾಲಿ.

ಸಿಮೆಂಟ್ ಸಾಹುಕಾರರು ಅವಸರಪಡಲಿಲ್ಲ. ಮಕ್ಕಳು, ಸೊಸೆಯಂದಿರು, ಗುಮಾಸ್ತರು, ಲಾರಿ ಡ್ರೈವರುಗಳು, ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದರು. ಒಬ್ಬೊಬ್ಬರ ಬಾಯಿಗೂ ಒಂದೊಂದು ಮಾತು ಕೊಟ್ಟು ಕಳಿಸಿದ್ದರು. ‘ಹಿಂದಿನ ಕಾಲ ಚೆನ್ನಾಗಿತ್ತು.’ ‘ಈಗಿನ ಹುಡುಗರಿಗೆ ಹಿರಿಯರೆಂದರೆ ಗೌರವವಿಲ್ಲ.’ ‘ಏನು ಸೆಕೆ.’ ‘ಸಂಸ್ಕೃತಿ ಉಳಿಯಬೇಕು.’ ‘ಸಂಸ್ಕೃತಿ ಉಳಿದು ಏನಾಗಬೇಕು.’ ಎರಡೂ ಕಡೆಯದನ್ನು ಹಿಡಿದಿದ್ದರು. ವ್ಯಾಪಾರಿ ಎಂದರೆ ಹಾಗಿರಬೇಕು.

ಅನುಮತಿ ಕೇಳಿದವರಿಗೆ ಅವರು ಇಲ್ಲವೆನ್ನಲಿಲ್ಲ. ಒಂದು ಮೂಟೆ ಸಿಮೆಂಟ್ ಕೊಂಡವರು ಒಂದು ದಿನ ಹೇಳಬಹುದು. ಪಾರ್ಕಿನ ಬೆಂಚಿನ ಮುದುಕರಿಗೆ ‘ಹಿಂದಿನ ಕಾಲ’ವಿಲ್ಲದೆ ಸಂಜೆ ಕಳೆಯುವುದಿಲ್ಲ. ದಿನಾ ಮೂಟೆ ಹೊರಿಸಿಕೊಂಡು ಬಂದರು. ಇಬ್ಬನಿಗೆ ಸಿಮೆಂಟ್ ಗಟ್ಟಿಯಾಗಿ ಅಲ್ಲೇ ಇನ್ನೊಂದು ಬೆಂಚಾಯಿತು. ಪುರಸಭೆ ಅದಕ್ಕೆ ಬಣ್ಣ ಬಳಿಸಿ ಉದ್ಘಾಟನೆ ಮಾಡಿತು.

ತಡವಾಗಿ ಹೋದವರಿಗೆ ಉಳಿದದ್ದೇ ಗತಿ. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರಿಗೆ ‘ಮೆಟ್ಟಿಲುಗಳು ಇಳಿಯಲು ಮಾತ್ರ ಇರಬೇಕು’ ಎಂಬುದು ಸಿಕ್ಕಿತು. ಪ್ರಮಾಣಪತ್ರ ಹಿಡಿದು ಮನೆಗೆ ಬಂದರು. ಮನೆ ಮಹಡಿಯ ಮೇಲೆ. ಕೆಳಗೇ ನಿಂತರು. ಸೈಕಲ್ ರಿಪೇರಿಯವನು ತನ್ನ ಅಂಗಡಿಯ ಒಂದು ಮೂಲೆ ಬಿಟ್ಟುಕೊಟ್ಟ. ಅವರ ಹೆಂಡತಿ ಮೇಲಿನಿಂದ ಬುಟ್ಟಿಯಲ್ಲಿ ಊಟ ಇಳಿಸುತ್ತಿದ್ದರು. ಖಾಲಿ ಪಾತ್ರೆ ಮೇಲಕ್ಕೆ ಹೋಗಬಹುದೇ ಎಂಬ ಬಗ್ಗೆ ಇಲಾಖೆಯಿಂದ ಸ್ಪಷ್ಟನೆ ಬರಬೇಕಿತ್ತು. ಪಾತ್ರೆಗಳು ಕೆಳಗೇ ಕೂಡಿದವು.

ನನ್ನ ಹೆಂಡತಿ ಎರಡನೆಯ ದಿನವೇ ಹೋಗಿ ಬಂದಳು. ‘ಗಂಡನಾದವನು ದಿನಕ್ಕೊಂದು ಒಳ್ಳೆಯ ಮಾತಾಡಬೇಕು’ ಎಂಬುದು ಅವಳ ದೃಷ್ಟಿಕೋನ. ಅದು ಇನ್ನೂ ಖಾಲಿ ಉಳಿದದ್ದು ಅಧಿಕಾರಿಗೇ ಆಶ್ಚರ್ಯ. ಮತ್ತೊಬ್ಬಳು ಬರೆಸಿರುತ್ತಾಳೆ ಎಂದು ಊರಿನ ಹೆಂಗಸರೆಲ್ಲ ಅಂದುಕೊಂಡಿದ್ದರಂತೆ. ಅವಳು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಊಟದ ಮೇಜಿನ ಮುಂದಿನ ಗೋಡೆಗೆ, ನಾನು ಕೂರುವ ಜಾಗಕ್ಕೆ ಎದುರಾಗಿ, ನೇತುಹಾಕಿದಳು.

ಓದಿದೆ. ಉಂಡೆ. ಎದ್ದೆ.

ಅವಳ ತಮ್ಮ ದಲ್ಲಾಳಿ. ಮೊದಲು ಬಾಡಿಗೆ ಮನೆ ಕೊಡಿಸುತ್ತಿದ್ದ, ಈಗ ಅಭಿಪ್ರಾಯ ಕೊಡಿಸುತ್ತಿದ್ದ. ಕೊನೆಯ ದಿನ ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಬಾಯಿಗೆ ಬಂದದ್ದು ಹೇಳಿಬಿಡಿ ಭಾವ, ಅಂಗಡಿ ಉಳಿದರೆ ಸಾಕು ಎಂದು ದಾರಿಯುದ್ದಕ್ಕೂ ಹೇಳಿದ. ನನ್ನ ಬಾಯಿಗೆ ಏನೂ ಬರಲಿಲ್ಲ.

ಅಧಿಕಾರಿ ದಣಿದಿದ್ದರು. ಸಮಾಜದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದರು. ನಾನು ಅವರ ಬೆನ್ನ ಹಿಂದಿನ ಬೀರು ನೋಡುತ್ತಿದ್ದೆ. ಸಂಸ್ಕೃತಿಯ ಬಗ್ಗೆ ಎಂದರು. ಬೀರುವಿಗೆ ಅಗ್ಗದ ಬೀಗ ಹಾಕಿದ್ದರು, ಹೇರ್‌ಪಿನ್ನಿಗೆ ತೆರೆದುಕೊಳ್ಳುವಂಥದ್ದು. ಹೋಗಲಿ, ನೀವು ಯಾರು ಅನ್ನುವುದರ ಬಗ್ಗೆಯಾದರೂ ಹೇಳಿ ಎಂದರು. ಬೀಗದ ಸ್ಕ್ರೂ ಸಡಿಲವಾಗಿತ್ತು.

ಟೈಪಿಸ್ಟ್ ಕಾಯುತ್ತಿದ್ದಳು. ಅವರ ಕಚೇರಿಯಲ್ಲಿ ಯಾವ ಜಾಗವನ್ನೂ ಖಾಲಿ ಬಿಡುವಂತಿಲ್ಲ. ಅರ್ಜಿದಾರ ಅಧಿಕಾರಿಯ ಮುಂದೆ ಏನು ವ್ಯಕ್ತಪಡಿಸುತ್ತಾನೋ ಅದನ್ನೇ ತಿದ್ದದೆ ದಾಖಲಿಸಬೇಕು. ಅವಳು ನನ್ನ ಮುಖ ನೋಡಿ ‘ಮೌನ’ ಎಂದು ಟೈಪು ಮಾಡಿದಳು. ಅಧಿಕಾರಿ ಮೊಹರು ಒತ್ತಿ, ಮುಂದಿನವರು ಎಂದರು. ಮುಂದೆ ಯಾರೂ ಇರಲಿಲ್ಲ.

“ಅಂತೂ ನೀವೂ ಮನುಷ್ಯರಾದ್ರಿ ಭಾವ,” ಎಂದ ಭಾವಮೈದುನ.

ಮುಂದಿನ ವಾರ ಸುತ್ತೋಲೆ ಬಂತು. ಮೌನವು ಬೀಗ ರಿಪೇರಿಯವರ ಹೆಸರಿನಲ್ಲಿ ನೋಂದಣಿಯಾಗಿರುವುದರಿಂದ ಉಳಿದವರು ಅವರ ಅನುಮತಿಯಿಲ್ಲದೆ ಸುಮ್ಮನಿರತಕ್ಕದ್ದಲ್ಲ. ನಿದ್ದೆಗೆ ಮತ್ತು ಅಗಿಯುವ ಹೊತ್ತಿಗೆ ವಿನಾಯಿತಿ ಇದೆ.

ಜನ ಹೊಂದಿಕೊಂಡರು. ಗ್ರಂಥಾಲಯದಲ್ಲಿ ಎಲ್ಲರೂ ಗಟ್ಟಿಯಾಗಿ ಓದಿದರು. ಚದುರಂಗ ಆಡುವವರು ಯೋಚಿಸುವಾಗ ಗುಂಯ್ಗುಟ್ಟಿದರು. ಆದರೆ ಮಾತಾಡಲು ಏನಿದೆ? ಆಡಬಹುದಾದ ಮಾತೆಲ್ಲ ಸಾಹುಕಾರರ ಮನೆಯವರ ಹೆಸರಿನಲ್ಲಿತ್ತು. ಮಾತಾಡಿದರೆ ಸಿಮೆಂಟ್, ಸುಮ್ಮನಿದ್ದರೆ ಅಪರಾಧ. ಕೊನೆಗೆ ಒಂದು ದಾರಿ ಕಂಡುಕೊಂಡರು. ಓದುವುದು ಅಭಿಪ್ರಾಯವಲ್ಲ. ಬೀದಿಯಲ್ಲಿ ನಡೆಯುವವರು ಅಂಗಡಿಗಳ ಬೋರ್ಡು ಓದುತ್ತ ನಡೆದರು. ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ‘ಕೈ ತಲೆ ಹೊರಗೆ ಹಾಕಬಾರದು’ ಎಂದರು.

ಅನುಮತಿ ಬೇಕಾದವರು ನನ್ನ ಅಂಗಡಿಗೆ ಬಂದರು. ಮಗು ಮಲಗಿಸಬೇಕಾದ ತಾಯಿ, ಪರೀಕ್ಷೆ ಬರೆಯುವ ಹುಡುಗಿ, ಮೀನು ಹಿಡಿಯುವವನು. ನಾನು ತಲೆಯಾಡಿಸುತ್ತಿದ್ದೆ. ಅಷ್ಟೇ. ಮಾಜಿ ಅಧ್ಯಕ್ಷರೊಬ್ಬರು ತೀರಿಕೊಂಡಾಗ ಒಂದು ನಿಮಿಷದ ಮೌನಕ್ಕಾಗಿ ಇಡೀ ಪುರಸಭೆಯೇ ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಕೊಟ್ಟೆ. ಅದು ನನ್ನ ದೊಡ್ಡತನ ಎಂದು ಅಧ್ಯಕ್ಷರು ಭಾಷಣದಲ್ಲಿ ಹೇಳಿದರು. ಪತ್ರಿಕೆಯವನೊಬ್ಬ ಸಂದರ್ಶನಕ್ಕೆ ಬಂದ. ಕೇಳಿದ. ನಾನು ಬೀಗಕ್ಕೆ ಅರ ಹಾಕುತ್ತಿದ್ದೆ. ಭಾನುವಾರ ಪೂರ್ತಿ ಒಂದು ಪುಟ ಬಂತು.

ಇದೆಲ್ಲ ಸಾಹುಕಾರರಿಗೆ ಹಿಡಿಸಲಿಲ್ಲ. ಜನ ನನ್ನಿಂದ ಪುಕ್ಕಟೆಯಾಗಿ ಮೌನ ತಂದು ಸುಮ್ಮನಿದ್ದರೆ ಸಿಮೆಂಟ್ ಯಾರು ಕೊಳ್ಳುತ್ತಾರೆ? ಭಾವಮೈದುನನನ್ನು ಕಳಿಸಿದರು. ಮೌನ ಬಿಟ್ಟುಕೊಡಿ, ಬದಲಿಗೆ ‘ಹಿಂದಿನ ಕಾಲ ಚೆನ್ನಾಗಿತ್ತು’ ಸಾಯುವ ತನಕ ನಿಮ್ಮದು ಎಂದು ಹೇಳಿಕಳಿಸಿದ್ದರು. ನನ್ನ ವಯಸ್ಸಿಗೆ ಅದು ಒಪ್ಪುತ್ತದೆ ಎಂದು ಭಾವಮೈದುನ ಸೇರಿಸಿದ. ಹಿಂದಿನ ಕಾಲದಲ್ಲೂ ಅವನು ಹೀಗೇ ಇದ್ದ. ನಾನು ಅರ ಹಾಕುವುದು ಮುಂದುವರಿಸಿದೆ.

ಸಾಹುಕಾರರು ಇಲಾಖೆಗೆ ದೂರು ಕೊಟ್ಟರು. ಮೌನದ ಖಾತೆದಾರ ಮನೆಯೊಳಗೆ ಗುಟ್ಟಾಗಿ ಮಾತಾಡುತ್ತಾನೆ ಎಂಬ ಅನುಮಾನವಂತೆ. ಒಬ್ಬ ಪರಿಶೀಲಕನನ್ನು ನಮ್ಮ ಮನೆಗೆ ಹಾಕಿದರು. ಅವನು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದ. ಮಧ್ಯಾಹ್ನದ ಊಟ ನಮ್ಮಲ್ಲೇ. ಒಳ್ಳೆಯ ಮನುಷ್ಯ, ಎರಡು ಸಲ ಬಡಿಸಿಕೊಳ್ಳುತ್ತಿದ್ದ. ನಾನು ಮಾತಾಡಲಿಲ್ಲ ಎಂದು ಹೆಂಡತಿ ಸಾಕ್ಷಿ ಹೇಳಿದಳು. ಗಂಡ ಮಾತಾಡುತ್ತಾನೆ ಎಂದು ದೂರು ಕೊಟ್ಟವರನ್ನು ಒಮ್ಮೆ ಕರೆದುಕೊಂಡು ಬನ್ನಿ, ಅವರ ಬಾಯಿಗೆ ಸಕ್ಕರೆ ಹಾಕುತ್ತೇನೆ ಎಂದಳು.

ಪರಿಶೀಲಕನ ಕುರ್ಚಿ ನನ್ನ ಪಕ್ಕದಲ್ಲಿ. ಒಂದು ದಿನ ಉಣ್ಣುವಾಗ ಅವನ ಕಣ್ಣು ಎದುರಿನ ಗೋಡೆಗೆ ಬಿತ್ತು. ಚೌಕಟ್ಟಿನೊಳಗಿದ್ದದ್ದನ್ನು ಓದಿದ. ಅಗಿಯುವುದನ್ನು ನಿಲ್ಲಿಸಿದ. ಕರ್ತವ್ಯನಿಷ್ಠ. ಅಂದೇ ವರದಿ ಬರೆದ.

ನೋಟಿಸ್ ಬಂತು.

“ಒಂದೇ ಮನೆಯಲ್ಲಿ ಪರಸ್ಪರ ವಿರುದ್ಧವಾದ ಎರಡು ದೃಷ್ಟಿಕೋನಗಳು ಕಂಡುಬಂದಿವೆ. ಪತಿಯ ದೃಷ್ಟಿಕೋನ ಚಾಚೂ ತಪ್ಪದೆ ಜಾರಿಯಲ್ಲಿದೆ. ಪತ್ನಿಯ ದೃಷ್ಟಿಕೋನ ಈವರೆಗೆ ಒಮ್ಮೆಯೂ ಜಾರಿಗೆ ಬಂದಿಲ್ಲ. ಆದುದರಿಂದ ಅದನ್ನು ಏಕೆ ರದ್ದುಪಡಿಸಬಾರದು ಎಂಬ ಬಗ್ಗೆ ಸೋಮವಾರ ಸ್ಥಳದಲ್ಲೇ ವಿಚಾರಣೆ ನಡೆಸಲಾಗುವುದು. ರದ್ದಾದ ಪಕ್ಷದಲ್ಲಿ ಸದರಿಯವರನ್ನು ಮನೆಯ ಸಾಮಾನುಗಳಲ್ಲಿ ಸೇರಿಸಿಕೊಳ್ಳಲಾಗುವುದು. ವಿಚಾರಣೆ ಊಟದ ಹೊತ್ತಿಗೆ.”

ಭಾವಮೈದುನ ವಿವರಿಸಿದ. ನಾನು ಒಂದು ಒಳ್ಳೆಯ ಮಾತಾಡಿದರೆ ಅಕ್ಕನ ನೋಂದಣಿ ಉಳಿಯುತ್ತದೆ, ನನ್ನದು ಹೋಗುತ್ತದೆ. ನನ್ನದು ಹೋದರೆ ಅಂಗಡಿಗೆ ಬೀಗ, ಮೌನ ಸಾಹುಕಾರರಿಗೆ. ಅವರು ಆಗಲೇ ಅರ್ಜಿ ಹಾಕಿ ಕೂತಿದ್ದರು. ಆಡದಿದ್ದರೆ ಅಕ್ಕ ಸಾಮಾನು. ಸಾಮಾನಾದರೆ ಆಸ್ಪತ್ರೆಯ ಚೀಟಿಯಲ್ಲಿ ಹೆಸರಿಲ್ಲ, ಬಸ್ಸಿನಲ್ಲಿ ಸೀಟಿಲ್ಲ, ಮೇಲೆ ಕಟ್ಟಬೇಕು.

ಹೆಂಡತಿ ಪೂರ್ತಿ ಕೇಳಿದಳು. ನನ್ನ ಕಡೆ ತಿರುಗಿದಳು.

“ಸಾಮಾನಾದ್ರೆ ಆಗ್ತೀನಿ ಬಿಡಿ. ಬೀರುವಿಗಾದ್ರೂ ನೀವು ವರ್ಷಕ್ಕೊಂದ್ಸಲ ಎಣ್ಣೆ ಹಾಕ್ತೀರಿ.”

ನಾನು ಬಾಗಿಲ ಕಡೆ ನೋಡಿದೆ.

“ನನ್ನ ಸಲುವಾಗಿ ಬಾಯಿ ಬಿಡಬೇಡಿ, ಹೇಳಿದೀನಿ. ಅಂಗಡಿ ಹೋದ್ರೆ ಇಡೀ ದಿನ ಮನೇಲಿ ಕೂತಿರ್ತೀರಿ. ಅದನ್ನ ನೋಡೋದಕ್ಕಿಂತ ಸಾಮಾನಾಗೋದೇ ಮೇಲು.”

ಹೇಳಿ ಒಳಗೆ ಹೋದಳು. ಸಿಟ್ಟು ಬಂದಿತ್ತು. ಮೊದಲಾದರೆ ಮಾತು ಬಿಡುತ್ತಿದ್ದಳು. ಈಗ ಮಾತು ಬಿಡಬೇಕಾದರೆ ನನ್ನ ಅನುಮತಿ ಬೇಕು. ಅವಳು ನನ್ನನ್ನು ಕೇಳುವವಳಲ್ಲ. ಅಡುಗೆಮನೆಯಲ್ಲಿ ನಿಂತು, ನನಗೆ ಕೇಳುವ ಹಾಗೆ, ಸೋಪಿನ ಪುಡಿಯ ಪೊಟ್ಟಣ ಓದಿದಳು.

“ಬಣ್ಣದ ಬಟ್ಟೆಗಳನ್ನು ಬೇರೆಯಾಗಿ ನೆನೆಸಿ. ಹೆಚ್ಚು ಉಜ್ಜಬೇಡಿ. ನೆರಳಿನಲ್ಲಿ ಒಣಗಿಸಿ.”

ಸೋಮವಾರದ ತನಕ ಅದನ್ನೇ ಓದಿದಳು. ಮದುವೆಯಾದಾಗಿನಿಂದ ಅವಳು ಅಷ್ಟು ಕಡಿಮೆ ಮಾತಾಡಿದ್ದಿಲ್ಲ. ನನಗೆ ಊಟ ಸೇರಲಿಲ್ಲ.

ಸೋಮವಾರ ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಅಧಿಕಾರಿ, ಟೈಪಿಸ್ಟ್, ಪರಿಶೀಲಕ, ಭಾವಮೈದುನ. ಆಸಕ್ತ ಪಕ್ಷಗಾರರಾಗಿ ಸಾಹುಕಾರರು. ಹೆಂಡತಿ ಎಲ್ಲರಿಗೂ ಬಡಿಸಿದಳು. ಸಾಮಾನಾಗುವ ದಿನವೂ ಅಡುಗೆಯಲ್ಲಿ ಕಡಿಮೆ ಮಾಡಿರಲಿಲ್ಲ. ವಿಚಾರಣೆ ಮತ್ತು ಊಟ ಒಟ್ಟಿಗೆ ನಡೆದವು.

ಗಂಡ ಈವರೆಗೆ ಒಂದಾದರೂ ಒಳ್ಳೆಯ ಮಾತಾಡಿದ್ದುಂಟೇ ಎಂದು ಅಧಿಕಾರಿ ಅವಳನ್ನು ಕೇಳಿದರು. ಅವಳು ಸೌಟು ಹಿಡಿದು ಯೋಚಿಸಿದಳು.

“ಮದುವೆಗೆ ಮುಂಚೆ ಹುಡುಗಿ ಒಪ್ಪಿಗೆನಾ ಅಂತ ಕೇಳಿದಾಗ ಹೂಂ ಅಂದಿದ್ರಂತೆ. ನಾನು ಕೇಳಿಸಿಕೊಂಡಿಲ್ಲ. ನಮ್ಮಪ್ಪ ಹೇಳಿದ್ದು.”

ಹೂಂ ಎಂಬುದು ಒಪ್ಪಿಗೆ, ಅದನ್ನು ಒಳ್ಳೆಯ ಮಾತು ಎನ್ನಲಾಗದು ಎಂದು ಅಧಿಕಾರಿ ತೀರ್ಮಾನಿಸಿದರು. ಅಲ್ಲದೆ ಅದು ನೋಂದಣಿಗೆ ಹಿಂದಿನದು. ಗೋಡೆಯಿಂದ ಚೌಕಟ್ಟು ಇಳಿಸಲು ಪರಿಶೀಲಕನಿಗೆ ಹೇಳಿದರು. ಅವನು ಕೈ ತೊಳೆದುಕೊಂಡು ಬಂದು ಇಳಿಸಿದ. ಅಧಿಕಾರಿ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಹೆಂಡತಿ ಬೀರುವಿನ ಪಕ್ಕಕ್ಕೆ ಹೋಗಿ ನಿಂತಳು. ನಿಲ್ಲಲು ಬೇರೆ ಜಾಗವೂ ಇತ್ತು.

ನಾನು ಒಂದು ತುತ್ತು ನುಂಗಿದೆ.

“ಉಪ್ಪು ಸರಿಯಾಗಿದೆ,” ಎಂದೆ.

ಭಾವಮೈದುನ ತಲೆಯ ಮೇಲೆ ಕೈ ಹೊತ್ತ. ಸಾಹುಕಾರರು ಮೊಸರು ಕಲಸುತ್ತಿದ್ದವರು ಮುಗುಳ್ನಕ್ಕರು. ಮೌನ ಖಾಲಿಯಾಯಿತು ಎಂದು ಟೈಪಿಸ್ಟ್ ಬರೆದುಕೊಂಡಳು. ಅಧಿಕಾರಿ ಪೆನ್ನು ಮೇಲೆತ್ತಿ ಹಿಡಿದೇ ಇದ್ದರು. ಈ ಮಾತು ಯಾರ ಹೆಸರಿನಲ್ಲಿದೆ ನೋಡಿ, ಅನುಮತಿಯಿಲ್ಲದೆ ಆಡಿದ್ದರೆ ಇನ್ನೊಂದು ಅಪರಾಧವಾಗುತ್ತದೆ ಎಂದರು.

ಟೈಪಿಸ್ಟ್ ನೋಂದಣಿ ಪುಸ್ತಕ ನೋಡಿದಳು. ‘ಉಪ್ಪು ಕಡಿಮೆ’ಗಾಗಿ ಊರಿನ ಗಂಡಸರು ಸಾಲಿನಲ್ಲಿ ಕೈ ಕೈ ಮಿಲಾಯಿಸಿ ಕೊನೆಗೆ ಅದು ಹಾಸಿಗೆ ಹೊಲಿಯುವವನಿಗೆ ಹೋಗಿತ್ತು. ‘ಉಪ್ಪು ಜಾಸ್ತಿ’ ಅವನ ಅಣ್ಣನಿಗೆ. ‘ಉಪ್ಪಿಗಿಂತ ರುಚಿಯಿಲ್ಲ’ ಕಿರಾಣಿ ಅಂಗಡಿಯವನದು. ‘ಉಪ್ಪು ಸರಿಯಾಗಿದೆ’ ಯಾರದೂ ಅಲ್ಲ. ಮತ್ತೆ ನೋಡಲು ಹೇಳಿದರು. ಮತ್ತೆ ನೋಡಿದಳು. ಇಲ್ಲ.

“ಮದುವೆಯಾದೋರು ಇಷ್ಟು ಜನ ಇದೀವಿ,” ಎಂದರು ಅಧಿಕಾರಿ. ಅವರ ತಟ್ಟೆ ಖಾಲಿಯಾಗಿತ್ತು.

ಕಿರಾಣಿಯವನ ಮಾತು ಉಪ್ಪಿನ ಬಗ್ಗೆ, ಇದು ಅಡುಗೆಯ ಬಗ್ಗೆ, ಆದ್ದರಿಂದ ಅತಿಕ್ರಮಣವಿಲ್ಲ ಎಂದು ಸ್ಥಳದಲ್ಲೇ ಆದೇಶವಾಯಿತು. ಮೌನ ಕಳೆದುಕೊಂಡು ಸದ್ಯಕ್ಕೆ ಯಾವ ದೃಷ್ಟಿಕೋನವೂ ಇಲ್ಲದ ನನ್ನ ಹೆಸರಿಗೆ ‘ಉಪ್ಪು ಸರಿಯಾಗಿದೆ’ ಬಿತ್ತು. ಅಂಗಡಿ ಉಳಿಯಿತು. ಹೆಂಡತಿಯ ಚೌಕಟ್ಟು ಮತ್ತೆ ಗೋಡೆಗೆ ಹೋಯಿತು. ಮೊಹರು ತಂದಿರಲಿಲ್ಲ. ಅಧಿಕಾರಿ ತಟ್ಟೆಯಿಂದ ಹೆಬ್ಬೆರಳು ತೆಗೆದು ಒತ್ತಿದರು.

ಎಲ್ಲರೂ 'ಹೋಗಿ ಬರುತ್ತೇವೆ' ಎಂದು ಎದ್ದ ಮೇಲೆ ಹೆಂಡತಿ ಬಂದು ಎದುರಿಗೆ ಕೂತಳು.

“ರೀ. ಇನ್ನೊಂದ್ಸಲ ಹೇಳಿ.”

“ನಾಳೆ,” ಎಂದೆ.

ಮೌನ ಸಾಹುಕಾರರ ಪಾಲಾಯಿತು. ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಬಾಯಿ ಬಿಡುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ತೀರಿಹೋದ ತಂದೆಯ ಹೆಸರಿಗೆ ಬರೆಸಿದರು. ತಂದೆಯವರು ನಿಯಮವನ್ನು ಇಂದಿಗೂ ಮೀರಿಲ್ಲ. ಈಗ ಮಾತಾಡಲೂ ಒಂದು ಮೂಟೆ, ಸುಮ್ಮನಿರಲೂ ಒಂದು ಮೂಟೆ. ನಾನು ಬಾಯಿ ಬಿಟ್ಟು ಊರು ಕೆಡಿಸಿದೆ ಎಂದು ಕೆಲವರು ಅಂದರು. ಅನ್ನುವುದಕ್ಕೂ ಮೂಟೆ ತಂದಿದ್ದರು.

ಜನ ಇದಕ್ಕೂ ಹೊಂದಿಕೊಂಡರು. ಮನೆಗಳ ಒಳಗೆ ಮೂಟೆಗಳು ಏರಿದವು. ಹಜಾರ ಇದ್ದವರು ಕೋಣೆಗೆ ಬಂದರು, ಕೋಣೆ ಇದ್ದವರು ಬಾಗಿಲಿಗೆ ಬಂದರು. ಹೆಡ್‌ಮಾಸ್ತರ ಹೆಂಡತಿ ಮೂಟೆಗಳನ್ನು ಮಹಡಿಯಿಂದ ಬೀದಿಯ ತನಕ ಓರೆಯಾಗಿ ಜೋಡಿಸಿದರು. ಅದು ಮಳೆಗೆ ಗಟ್ಟಿಯಾಗಿ ಇಳಿಜಾರಾಯಿತು. ಇಳಿಜಾರು ಮೆಟ್ಟಿಲಲ್ಲ ಎಂದು ಇಲಾಖೆ ಸ್ಪಷ್ಟಪಡಿಸಿತು. ಹೆಡ್‌ಮಾಸ್ತರು ಮನೆಗೆ ಹೋದರು, ಪಾತ್ರೆಗಳ ಸಮೇತ. ಇಲಾಖೆಗೆ ದಕ್ಷತೆಯ ಪ್ರಶಸ್ತಿ ಬಂತು. ಅಂಗಡಿಯಲ್ಲಿ ನಾನೂ ಬೀಗಗಳ ಮೇಲಿನ ಹೆಸರು ಓದುತ್ತ ಕೂರುತ್ತೇನೆ. ಅಭ್ಯಾಸವಾಗಿದೆ.

ಪರಿಶೀಲಕ ಈಗಲೂ ಬರುತ್ತಾನೆ. ನನ್ನ ಹೊಸ ದೃಷ್ಟಿಕೋನಕ್ಕೆ ನಾನು ಬದ್ಧನಾಗಿದ್ದೇನೆಯೇ ಎಂದು ನೋಡಬೇಕಲ್ಲ. ದಿನಾ ಮಧ್ಯಾಹ್ನ ಉಣ್ಣುತ್ತಾನೆ. ದಿನಾ ನಾನು ಹೇಳುತ್ತೇನೆ. ಅವನು ಬರೆದುಕೊಳ್ಳುತ್ತಾನೆ. ಹೆಂಡತಿ ದಿನಾ ಮೊದಲ ಸಲ ಕೇಳಿದಂತೆ ಕೇಳುತ್ತಾಳೆ.

ನಿನ್ನೆ ಅವಳು ಬಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೊದಲ ತುತ್ತಿಗೆ ಗೊತ್ತಾಯಿತು. ಸಮುದ್ರ. ಕೈತಪ್ಪಿ ಬಿದ್ದ ಉಪ್ಪಲ್ಲ, ಅಳೆದು ಹಾಕಿದ್ದು. ಅವಳ ಮುಖ ನೋಡಿದೆ. ಅವಳು ಚೌಕಟ್ಟು ನೋಡುತ್ತಿದ್ದಳು.

“ಉಪ್ಪು ಸರಿಯಾಗಿದೆ,” ಎಂದೆ.

ಪರಿಶೀಲಕನ ಕಣ್ಣಲ್ಲಿ ನೀರು ಬಂದಿತ್ತು. ‘ಜಾಸ್ತಿ’ ಎನ್ನಲು ಹಾಸಿಗೆಯವನ ಅಣ್ಣನ ಅನುಮತಿ ಅವನ ಬಳಿ ಇರಲಿಲ್ಲ. ಸರಿಯಾಗಿದೆ ಎಂದು ಬರೆದುಕೊಂಡ. ಒಂದು ಲೋಟ ನೀರು ಕುಡಿದ. ಇನ್ನೊಂದು ಲೋಟ ಕುಡಿದ. ಆಮೇಲೆ ತಂಬಿಗೆಯನ್ನೇ ಎತ್ತಿದ.

ಇಂಥ ಹೊತ್ತಿಗೆಂದೇ ಒಂದು ಗಾದೆಯಿದೆ. ಅದು ಸಾಹುಕಾರರ ಲಾರಿ ಡ್ರೈವರಿನ ಹೆಸರಿನಲ್ಲಿದೆ. ನಮ್ಮ ಮನೆಯಲ್ಲಿ ಇನ್ನೊಂದು ಮೂಟೆಗೆ ಜಾಗವಿಲ್ಲ. ಯಾರೂ ಹೇಳಲಿಲ್ಲ.

ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಹೆಂಡತಿ ಉಪ್ಪಿನ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಮೂವರೂ ಸೇರಿ ಓದಿದೆವು.

“ತೇವವಿಲ್ಲದ ಜಾಗದಲ್ಲಿಡಿ. ಬಳಸಿದ ನಂತರ ಬಾಯಿ ಬಿಗಿಯಾಗಿ ಮುಚ್ಚಿ.”